ಎರಡು ಮಿಲಿಮೀಟರ್

ಐದನೇ ದಿನದ ಸಂಜೆಯೂ ಅಳಿಯ ಬಂದ. ಬರುತ್ತಾನೆಂದು ಮಾವನಿಗೆ ಗೊತ್ತೇ ಇತ್ತು. ಹೋಟೆಲಿನ ಹಿಂಭಾಗದಲ್ಲಿ, ಕಸದ ಡಬ್ಬಿಗಳಿಗೂ ಅಡುಗೆಮನೆಯ ಹೊಗೆ ಕೊಳವೆಗೂ ನಡುವೆ ಸಿಕ್ಕಿದಷ್ಟು ಜಾಗದಲ್ಲಿ ತಂಡದ ಲಾರಿ ನಿಂತಿತ್ತು. ಅದರ ಪಕ್ಕದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ಸೈಕಲ್ಲು, ನೀರಿನ ಪೈಪು, ಎರಡು ಬಕೆಟ್ ಸೋಪಿನ ನೊರೆ. ಎಂಟು ಸವಾರರ ಎಂಟು ಸೈಕಲ್ಲುಗಳನ್ನು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಟೈರುಗಳನ್ನು ಬೆರಳಲ್ಲಿ ಸವರಿ ಗಾಜಿನ ಚೂರು ಹುಡುಕಿ ತೆಗೆದು ಮುಗಿಸುವವರೆಗೆ ಬಗ್ಗಿಸಿದ ಬೆನ್ನು ಎತ್ತುವ ಹಾಗಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಹವಾಯಿ ಚಪ್ಪಲಿಯ ಚಟಪಟ ಸದ್ದು ಕೇಳಿಸಿತು.

“ಮಾವ.”

ಮಾವ ತಲೆ ಎತ್ತಲಿಲ್ಲ. “ಸೀಟಾ?”

“ಹೂಂ. ಎರಡು ಮಿಲಿಮೀಟರ್.”

“ಮೇಲಕ್ಕಾ, ಕೆಳಕ್ಕಾ?”

“ಮೇಲಕ್ಕೆ. ಮೊಣಕಾಲಿನ ಮುಂದೆ ಹಿಡೀತಿದೆ. ಈ ಹೊಸ ಶೂ ಬಂದಾಗಿಂದ ಯಾಕೋ ಸರಿ ಬರ್ತಿಲ್ಲ.”

ಮೊದಲ ದಿನ ಎರಡು ಮೇಲಕ್ಕೆ. ಎರಡನೇ ದಿನ ಆ ಎರಡು ಕೆಳಕ್ಕೆ. ಮೂರನೇ ದಿನ ಒಂದು ಮೇಲಕ್ಕೆ, ನಾಲ್ಕನೇ ದಿನ ಅದೇ ಒಂದು ಕೆಳಕ್ಕೆ. ಇದು ಹದಿನೈದು ದಿನಗಳ ರೇಸು. ದಿನಕ್ಕೆ ನೂರೈವತ್ತೋ ಇನ್ನೂರೋ ಕಿಲೋಮೀಟರು ಊರಿಂದೂರಿಗೆ ತುಳಿಯಬೇಕು, ಎಲ್ಲ ದಿನಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವನು ಗೆದ್ದ. ಅಷ್ಟುದ್ದದ ದಾರಿಯಲ್ಲಿ ಈ ಮಹಾನುಭಾವನಿಗೆ ಎರಡು ಮಿಲಿಮೀಟರಿನ ಚಿಂತೆ! ತಂಡದ ಉಳಿದ ಏಳು ಜನ ಇವನಿಗೆ ‘ಮಿಲಿಮೀಟರ್’ ಎಂದೇ ಹೆಸರಿಟ್ಟಿದ್ದರು. ಇವನ ಬಾಯಿಂದ ಕೇಳಿ ಕೇಳಿ ಮೆಕ್ಯಾನಿಕ್ಕನಿಗೆ ಇಡೀ ತಂಡವೇ ‘ಮಾವ’ ಎನ್ನುತ್ತಿತ್ತು. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವರಾದ ಮ್ಯಾನೇಜರೂ ಮಾವ ಎನ್ನುತ್ತಿದ್ದರು. ಅವರಿಗೆಲ್ಲ ಹೆಣ್ಣು ಕೊಟ್ಟವನಂತೆ ಓಗೊಡುವುದು ಅವನಿಗೂ ಅಭ್ಯಾಸವಾಗಿ ಹೋಗಿತ್ತು.

ನಿಜವಾದ ಅಳಿಯ ಇವನೊಬ್ಬನೇ, ಅಕ್ಕನ ಮಗ. ಏಳು ವರ್ಷದವನಿದ್ದಾಗ ಇವನ ಸೈಕಲ್ಲಿನ ಹಿಂದೆ ಓಡಿ, ಬೆವರು ಸುರಿಸಿ, ಬ್ಯಾಲೆನ್ಸ್ ಕಲಿಸಿದವನು ಮಾವನೇ. ಈಗ ಇವನಿಗೆ ಮೂವತ್ತಮೂರು. ಈ ವರ್ಷದ ಕೊನೆಗೆ ತಂಡದೊಂದಿಗಿನ ಒಪ್ಪಂದ ಮುಗಿಯುತ್ತಿತ್ತು. ಮ್ಯಾನೇಜರು ಸುತ್ತಿ ಬಳಸದೆ ಹೇಳಿಬಿಟ್ಟಿದ್ದರು: ಈ ರೇಸಿನಲ್ಲಿ ಮೊದಲ ಹತ್ತರೊಳಗೆ ಬಂದರೆ ಇನ್ನೆರಡು ವರ್ಷ, ಇಲ್ಲದಿದ್ದರೆ ಇಲ್ಲ. ಈ ವಯಸ್ಸಿನವನನ್ನು ಬೇರೆ ತಂಡ ತಿರುಗಿಯೂ ನೋಡುವುದಿಲ್ಲ. ತುಳಿಯುವುದು ಬಿಟ್ಟು ಇವನಿಗೆ ಬೇರೆ ಏನೂ ಬರುವುದೂ ಇಲ್ಲ. ಅದೆಲ್ಲ ಮಾವನಿಗೆ ಗೊತ್ತಿತ್ತು. ಗೊತ್ತಿದ್ದೇ ಮೈಯೆಲ್ಲ ಉರಿಯುತ್ತಿತ್ತು. ಹೊತ್ತಿಗೆ ಸರಿಯಾಗಿ ಮಲಗಿ ಕಾಲಿಗೆ ವಿಶ್ರಾಂತಿ ಕೊಡೋ ಅಂದರೆ ಚಪ್ಪಲಿ ಮೆಟ್ಟಿಕೊಂಡು ಸೀಟು ಸೀಟು ಅಂತ ಬರುತ್ತಾನಲ್ಲ!

“ಕೊಡು ಇಲ್ಲಿ,” ಎಂದು ಮಾವ ಅಳಿಯನ ಸೈಕಲ್ಲನ್ನು ಎಳೆದುಕೊಂಡ.

ಆಗ ಅವನಿಗೊಂದು ಉಪಾಯ ಹೊಳೆಯಿತು. ಉಪಾಯವೆನ್ನಲು ಅದರಲ್ಲಿ ಏನೂ ಇರಲಿಲ್ಲ, ಬರೀ ರೋಸಿಹೋದದ್ದು. ಸೀಟಿನ ಕೊಳವೆಯ ಬೋಲ್ಟು ಸಡಿಲಿಸಿದ. ಅಂಗೈಯಿಂದ ಸೀಟಿಗೆ ಎರಡು ಸಲ ತಟ್ಟಿದ. ಒಂದು ಕಣ್ಣು ಮುಚ್ಚಿ ನೋಡಿದ. ಬಿಗಿತ ಸಾಕಾದಾಗ ಟಕ್ಕೆನ್ನುವ ಸ್ಪ್ಯಾನರಿನಿಂದ ಅದೇ ಬೋಲ್ಟನ್ನು ಅದೇ ಎತ್ತರದಲ್ಲಿ ಬಿಗಿದ. ಟಕ್ಕೆಂದಿತು. ಸೀಟು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

“ಆಯ್ತು. ಎರಡು ಮೇಲಕ್ಕೆ.”

ಅಳಿಯ ಏರಿ ಕೂತ. ಗೋಡೆಗೆ ಕೈಯಾನಿಸಿ ಪೆಡಲನ್ನು ಹಿಂದಕ್ಕೆ ತುಳಿದ. “ಹೂಂ... ಈಗ ಸರಿ ಅನ್ಸುತ್ತೆ. ಥ್ಯಾಂಕ್ಸ್ ಮಾವ.”

ಈಗ ಸರಿಯಂತೆ! ಅವನು ಮರೆಯಾದ ಮೇಲೆ ಮಾವ ಬಕೆಟ್ಟಿನ ಪಕ್ಕ ಕೂತು ಒಬ್ಬನೇ ನಕ್ಕ. ಉಳಿದ ಸವಾರರು ಮೆಕ್ಯಾನಿಕ್ಕು ಕೈಯಾಡಿಸಿದ ಮೇಲೆ ಜೇಬಿನಿಂದ ಟೇಪು ತೆಗೆದು ತಾವೇ ಅಳೆದು ನೋಡುವವರು. ತುಳಿಯುವವರ ಜಾತಿಯೇ ಅನುಮಾನದ್ದು. ಈ ಹುಡುಗ ಮಾತ್ರ ಒಮ್ಮೆಯೂ ಅಳೆದವನಲ್ಲ. ಮಾವ ಆಯ್ತು ಅಂದರೆ ಅವನಿಗೆ ಆಯ್ತು.

ಮಾರನೇ ದಿನ ಅಳಿಯ ಮೂರನೆಯವನಾಗಿ ಗುರಿ ಮುಟ್ಟಿದ. ಆ ಸಂಜೆ ಸೀಟಿನ ಸುದ್ದಿಯೇ ಇಲ್ಲ. ಇನ್ನು ಕೇಳಬೇಕೆ? ಮಾವ ಎದೆಯುಬ್ಬಿಸಿಕೊಂಡು ಓಡಾಡಿದ. ರೋಗವಿರುವುದು ಮೊಣಕಾಲಲ್ಲಿ ಅಲ್ಲ, ತಲೆಯಲ್ಲಿ. ಔಷಧಿ ನನ್ನ ಹತ್ತಿರ ಇದೆ. ಹಾಗೆಂದು ಮನಸ್ಸಿನಲ್ಲೇ ತನಗೊಂದು ಡಾಕ್ಟರ್ ಪದವಿ ಕೊಟ್ಟುಕೊಂಡ.

ಏಳನೇ ದಿನ ಮತ್ತೆ ಚಪ್ಪಲಿ ಸದ್ದು. “ಮಾವ, ಇನ್ನೊಂದೇ ಒಂದು ಮಿಲಿಮೀಟರ್ ಮೇಲಕ್ಕೆ.” ಸಡಿಲಿಸು, ತಟ್ಟು, ಬಿಗಿ, ಟಕ್. ಒಂಬತ್ತನೇ ದಿನ ಮತ್ತೆರಡು ಮೇಲಕ್ಕೆ. ಟಕ್. ಹನ್ನೊಂದನೇ ದಿನ ಮತ್ತೊಂದು. ಟಕ್. ಮೊದಲ ನಾಲ್ಕು ದಿನ ಮೇಲೆ ಕೆಳಗೆ ಅಂತ ಒದ್ದಾಡಿದವನು ಈಗ ಬರೀ ಮೇಲಕ್ಕೇ ಕೇಳುತ್ತಿದ್ದಾನೆ ಎನ್ನುವುದು ಮಾವನ ಗಮನಕ್ಕೆ ಬರಲಿಲ್ಲ. ಅವನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದ.

ಹಾಗಂತ ಅಳಿಯ ಕೇಳಿದ್ದನ್ನು ಬರೆದಿಡದೆ ಬಿಡುವಂತಿರಲಿಲ್ಲ. ಲಾರಿಯೊಳಗೆ ಮೊಳೆಗೆ ನೇತುಹಾಕಿದ ನೀಲಿ ರಟ್ಟಿನ ನೋಟ್‌ಬುಕ್ಕಿತ್ತು. ಯಾರ ಸೈಕಲ್ಲಿಗೆ ಏನೇನು ಬದಲಾಯಿತೆಂದು ಅದರಲ್ಲಿ ಬರೆಯಬೇಕು, ಮ್ಯಾನೇಜರು ದಿನಾ ಸಂಜೆ ನೋಡಿ ರುಜು ಹಾಕುತ್ತಾರೆ. ಏನೂ ಬರೆಯದಿದ್ದರೆ ಗುಟ್ಟು ರಟ್ಟಾಗುತ್ತದಲ್ಲ? ಆದ್ದರಿಂದ ಮಾವ ನಿಷ್ಠೆಯಿಂದ ಬರೆದ: ಎರಡು ಮೇಲಕ್ಕೆ. ಒಂದು ಮೇಲಕ್ಕೆ. ಎರಡು ಮೇಲಕ್ಕೆ. ಒಂದು ಮೇಲಕ್ಕೆ. ಎಷ್ಟು ನಿಷ್ಠೆಯೆಂದರೆ ದಿನಾಂಕದ ಕೆಳಗೆ ಗೆರೆಯನ್ನೂ ಎಳೆದ.

ಹನ್ನೊಂದನೇ ದಿನ ಅಕ್ಕ ಫೋನ್ ಮಾಡಿದಳು. ದಿನಾ ಮಾಡುತ್ತಿದ್ದಳು, ಮಗನಿಗಲ್ಲ, ತಮ್ಮನಿಗೆ.

“ಹೆಂಗಿದ್ದಾನೋ? ಟಿವೀಲಿ ಮುಖ ಬಾಡಿತ್ತು.”

“ಚೆನ್ನಾಗಿದ್ದಾನೆ ಕಣೆ ಅಕ್ಕಾ. ಹತ್ತನೇ ಜಾಗದಲ್ಲಿದ್ದಾನೆ. ಸೀಟು ಸೀಟು ಅಂತ ನನ್ನ ಪ್ರಾಣ ಹಿಂಡ್ತಾನೆ, ಅಷ್ಟೇ.”

“ಹಿಂಡ್ಲಿ ಬಿಡು. ಇನ್ಯಾರ ಹತ್ರ ಕೇಳ್ತಾನೆ? ನೀನಿದ್ದೀಯ ಅಂತಾನೇ ನಂಗೆ ಧೈರ್ಯ.”

ಮಾವ ಫೋನಿಟ್ಟು, ಸ್ಪಂಜು ಹಿಂಡಿ, ಮುಂದಿನ ಸೈಕಲ್ಲಿಗೆ ಕೈ ಹಾಕಿದ. ಎಲ್ಲೋ ಒಂದು ಕಡೆ ಚುಚ್ಚಿತು. ರೇಸು ಮುಗಿದ ಮೇಲೆ ಎಲ್ಲರ ಮುಂದೆ ಹೇಳಿ ನಗಿಸಿದರಾಯಿತೆಂದು ಸಮಾಧಾನ ಮಾಡಿಕೊಂಡ.

ಅವನು ಮರೆತದ್ದು ಒಂದೇ. ತಂಡದಲ್ಲಿ ಇನ್ನೊಬ್ಬಳು ಮೆಕ್ಯಾನಿಕ್ ಇದ್ದಳು. ಒಮ್ಮೆ ಪೆನ್ಸಿಲಿನಲ್ಲಿ ರುಜು ಹಾಕಿದ್ದಕ್ಕೆ ಮ್ಯಾನೇಜರನ್ನೇ ಗದರಿಸಿದವಳು. ಎಲ್ಲರೂ ಅವಳನ್ನು ಟೀಚರಮ್ಮ ಎನ್ನುತ್ತಿದ್ದರು. ತಂಡದ ಪದ್ಧತಿ ಹೀಗಿತ್ತು: ಸವಾರರು ತುಳಿಯುವ ಸೈಕಲ್ಲು ಮಾವನ ಪಾಲು. ಕಾರಿನ ಮೇಲೆ ಕಟ್ಟಿಕೊಂಡು ಹೋಗುವ ಬದಲಿ ಸೈಕಲ್ಲು ಟೀಚರಮ್ಮನ ಪಾಲು. ಮಾವನ ಕೈಕೆಲಸವನ್ನು ಅವಳು ಹೋಗಿ ನೋಡುವಂತಿಲ್ಲ, ನೋಡುವ ಅಗತ್ಯವೂ ಇಲ್ಲ. ನೋಟ್‌ಬುಕ್ಕು ನೋಡಿ, ಅದರಲ್ಲಿದ್ದಷ್ಟನ್ನೇ ಬದಲಿ ಸೈಕಲ್ಲಿಗೆ ಮಾಡಿ, ಪಕ್ಕದಲ್ಲೊಂದು ಟಿಕ್ ಹಾಕಿದರೆ ಮುಗಿಯಿತು. ಅವಳು ಒಂದು ಸಲವೂ ತಪ್ಪಿದವಳಲ್ಲ.

ಹದಿನಾಲ್ಕನೇ ದಿನ ಬೆಟ್ಟದ ದಾರಿ. ಕೊನೆಯ ಹದಿನೆಂಟು ಕಿಲೋಮೀಟರು ಬರೀ ಏರು. ಹದಿನೈದನೇ ದಿನದ್ದು ಸಪಾಟು ರಸ್ತೆ, ಅಲ್ಲಿ ಯಾರ ಜಾಗವೂ ಬದಲಾಗುವುದಿಲ್ಲ, ಏನಾಗಬೇಕಿದ್ದರೂ ಇವತ್ತೇ. ಅಳಿಯ ಹತ್ತನೇ ಜಾಗದಲ್ಲಿದ್ದ. ಹನ್ನೊಂದನೇ ಜಾಗದ ಹಸಿರಂಗಿಯವನು ಮೂವತ್ತೊಂದು ಸೆಕೆಂಡು ಹಿಂದಿದ್ದ. ಮ್ಯಾನೇಜರು ಕಾರು ಓಡಿಸುತ್ತಿದ್ದರು. ಮಾವ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಎರಡು ಚಕ್ರ, ಕೈಯಲ್ಲಿ ಸ್ಪ್ಯಾನರು ಹಿಡಿದು ಕೂತಿದ್ದ.

ಮೂವತ್ತೆರಡು ಕಿಲೋಮೀಟರು ಬಾಕಿ ಇದ್ದಾಗ, ಒಂದು ಊರೊಳಗಿನ ತಿರುವಿನಲ್ಲಿ ಮುಂದಿದ್ದ ಯಾರೋ ಜಾರಿಬಿದ್ದ. ಅವನ ಮೇಲೆ ಇನ್ನೊಬ್ಬ, ಆ ಗುಂಪಿನಲ್ಲಿ ಅಳಿಯ. ಅಳಿಯನ ಮೈಗೇನೂ ಆಗಿರಲಿಲ್ಲ, ಸೈಕಲ್ಲಿನ ಹಿಂದಿನ ಗೇರು ಮುರಿದು ನೇತಾಡುತ್ತಿತ್ತು. ಕಾರು ನಿಲ್ಲುವ ಮೊದಲೇ ಮಾವ ಹಾರಿದ. ಮೇಲಿನಿಂದ ಬದಲಿ ಸೈಕಲ್ಲು ಇಳಿಸಿ, ಅಳಿಯನನ್ನು ಕೂರಿಸಿ, ಬೆನ್ನಿಗೆ ಕೈಯಿಟ್ಟು ಏದುಸಿರು ಬಿಡುತ್ತ ಓಡಿ ತಳ್ಳಿದ. ಎಲ್ಲ ಸೇರಿ ಹನ್ನೊಂದು ಸೆಕೆಂಡು! ಐವತ್ತು ದಾಟಿದವನಿಗೆ ಇದಕ್ಕಿಂತ ಇನ್ನೇನು ಬೇಕು? ಕಾರಿಗೆ ವಾಪಸು ಬಂದು ಕೂತಾಗ ಮ್ಯಾನೇಜರು ಅವನ ಭುಜ ತಟ್ಟಿದರು.

ಎರಡು ನಿಮಿಷವಾಗಿರಲಿಲ್ಲ, ರೇಡಿಯೋ ಗೊರಗೊರ ಅಂದಿತು. “ಮಾವ, ಇದು ನನ್ನ ಸೈಕಲ್ ಥರ ಇಲ್ಲ. ಸೀಟು ಎತ್ತರ ಇದೆ.”

ಮ್ಯಾನೇಜರು ಹಣೆ ಚಚ್ಚಿಕೊಂಡರು. ಮೈಕು ಹಿಡಿದು ಕೂಗಿದರು: “ಶುರುವಾಯ್ತಪ್ಪಾ! ಇವತ್ತೊಂದಿನ ನಿನ್ನ ಮಿಲಿಮೀಟರು ಕಟ್ಟಿಡೋ! ಎರಡೂ ಸೈಕಲ್ ಒಂದೇ ಅಳತೆ. ಸುಮ್ನೆ ತುಳಿ!”

ಮಾವನೂ ನಗಲು ಬಾಯಿ ತೆರೆದ. ನಗು ಬರಲಿಲ್ಲ. ಎರಡೂ ಸೈಕಲ್ ಒಂದೇ ಅಳತೆ. ನೀಲಿ ನೋಟ್‌ಬುಕ್ಕು. ಟೀಚರಮ್ಮನ ಟಿಕ್ಕುಗಳು. ಎರಡು, ಒಂದು, ಎರಡು, ಒಂದು. ಒಟ್ಟು ಆರು. ಅಳಿಯ ಈಗ ಕೂತಿರುವುದು ಒಂಬತ್ತು ದಿನ ತುಳಿದ ಎತ್ತರಕ್ಕಿಂತ ಆರು ಮಿಲಿಮೀಟರು ಮೇಲೆ. ಎರಡನ್ನು ನಕ್ಕು ತಳ್ಳಿಹಾಕಬಹುದು. ಆರು ಅಂದರೆ ಪ್ರತಿ ತುಳಿತಕ್ಕೂ ಕಾಲು ಚಾಚಿ ಪೆಡಲು ಹುಡುಕಬೇಕು.

ಹೇಳಬೇಕು. ಈಗಲೇ ಹೇಳಬೇಕು. ಆದರೆ ಹೇಳುವುದು ಏನಂತ? ಒಂಬತ್ತು ದಿನದಿಂದ ನಾಟಕ ಆಡಿದೆ ಸರ್, ನೀವು ರುಜು ಹಾಕಿದ್ದೆಲ್ಲ ಸುಳ್ಳು ಅಂತಲೇ? ಇಪ್ಪತ್ತೆರಡು ವರ್ಷ ಈ ಕೈ ಮುಟ್ಟಿದ್ದನ್ನು ಅಳೆದವರಾರಿಗೂ ತಪ್ಪು ಸಿಕ್ಕಿದ್ದಿಲ್ಲ. ಮಾವ ಸ್ಪ್ಯಾನರನ್ನು ಗಟ್ಟಿಯಾಗಿ ಹಿಡಿದು ಕೂತ. ಅಭ್ಯಾಸವಾದೀತು, ಸರಿಹೋದೀತು ಎಂದುಕೊಂಡ. ಇದು ಹೇಡಿತನವೆಂದು ಗೊತ್ತಿದ್ದೇ ಹನ್ನೆರಡು ಕಿಲೋಮೀಟರು ಬಾಯಿಗೆ ಬೀಗ ಹಾಕಿಕೊಂಡು ಕೂತ. ಮುಂದೆ ಅಳಿಯನ ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತಿತ್ತು. ಆಗಾಗ ಕೈ ಹಿಂದಕ್ಕೆ ತಂದು ಮಂಡಿಯ ಹಿಂಭಾಗ ಒತ್ತಿಕೊಳ್ಳುತ್ತಿದ್ದ. ರೇಡಿಯೋದಲ್ಲಿ ಮಾತ್ರ ಮತ್ತೆ ಏನೂ ಹೇಳಲಿಲ್ಲ. ಬೈಸಿಕೊಂಡ ಮೇಲೆ ಸುಮ್ಮನಾಗಿಬಿಡುವುದು ಅವನ ಚಿಕ್ಕಂದಿನ ಬುದ್ಧಿ. ಆ ಸುಮ್ಮನಿರುವುದನ್ನೇ ಮಾವನಿಂದ ತಡೆಯಲಾಗಲಿಲ್ಲ.

“ಸರ್, ಅವನು ಹೇಳಿದ್ದು ನಿಜ.”

“ಏನು?”

“ಸೀಟು ಎತ್ತರಾನೇ ಇದೆ. ಆರು ಮಿಲಿಮೀಟರ್. ತಪ್ಪು ನಂದು. ಬುಕ್ಕಲ್ಲಿ ಬರೆದಿದ್ದು ಒಂದು, ಮಾಡಿದ್ದು ಇನ್ನೊಂದು.”

ಮ್ಯಾನೇಜರು ಕನ್ನಡಿಯಲ್ಲಿ ಅವನ ಮುಖ ನೋಡಿದರು. ಬೈಗುಳಕ್ಕೆ ಬಾಯಿ ತೆರೆದು, ರಸ್ತೆ ನೋಡಿ, ಮುಚ್ಚಿಕೊಂಡರು. “ನಿಲ್ಸಿದ್ರೆ ಎಷ್ಟು ಹೊತ್ತು?”

“ಇಪ್ಪತ್ತು ಸೆಕೆಂಡ್.”

“ಇರೋದೇ ಮೂವತ್ತೊಂದು.”

“ನಿಲ್ಲಿಸ್ದೇ ಇದ್ರೆ ಬೆಟ್ಟದಲ್ಲಿ ಎರಡು ನಿಮಿಷ ಹೋಗುತ್ತೆ ಸರ್.”

ಮ್ಯಾನೇಜರು ರೇಡಿಯೋದಲ್ಲಿ ನಿಲ್ಲಲು ಹೇಳಿದರು. ಬೆಟ್ಟದ ಬುಡದಲ್ಲಿ, ಒಂದು ಮುಚ್ಚಿದ ಅಂಗಡಿಯ ಮುಂದೆ ಅಳಿಯ ಇಳಿದು ನಿಂತ. ಮಾವ ಮಂಡಿಯೂರಿ ಬೋಲ್ಟಿಗೆ ಸ್ಪ್ಯಾನರು ಹಾಕಿದ.

“ಆರು ಇಳಿಸ್ತೀನಿ, ಇರು.”

“ಆರಲ್ಲ. ನಾಲ್ಕು.”

“ಲೋ, ನಂಗೊತ್ತು ಕಣೋ, ಸರಿಯಾಗಿ ಆರು—”

“ನಾಲ್ಕು, ಮಾವ!”

ಒಂದು ಕ್ಷಣ ಮಾವನ ಕೈ ನಿಂತಿತು. ಆಮೇಲೆ ಕೊಳವೆಯ ಮೇಲಿನ ಒಂದೊಂದು ಮಿಲಿಮೀಟರಿನ ಗೀರುಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಇಳಿಸಿ ಬಿಗಿದ. ಟಕ್. ತಳ್ಳಿದ. ಇಪ್ಪತ್ತಲ್ಲ, ಇಪ್ಪತ್ತಾರು ಸೆಕೆಂಡು ಹಿಡಿದಿತ್ತು.

ಬೆಟ್ಟದಲ್ಲಿ ಅಳಿಯ ತುಳಿದದ್ದನ್ನು ಮಾವ ಕಾರಿನ ಗಾಜಿಗೆ ಮೂಗು ಒತ್ತಿ ನೋಡಿದ. ಸೊಂಟ ಒಂದಿಷ್ಟೂ ಅಲುಗಾಡಲಿಲ್ಲ. ಹದಿನಾಲ್ಕು ದಿನಗಳಲ್ಲಿ ಅವನು ಇಷ್ಟು ಚೆನ್ನಾಗಿ ತುಳಿದದ್ದು ಇದೇ ಮೊದಲು. ಒಬ್ಬೊಬ್ಬರನ್ನೇ ಹಿಡಿದ, ದಾಟಿದ, ಮುಂದಿನವನನ್ನು ಹುಡುಕಿದ. ಕೊನೆಯ ತಿರುವಿನಲ್ಲಿ ಹಸಿರಂಗಿ ಕಣ್ಣಿಗೆ ಬಿತ್ತು. ಮ್ಯಾನೇಜರು ಸ್ಟೀರಿಂಗ್ ಗುದ್ದಿ ಗುದ್ದಿ ಕೂಗಿದರು. ಹಸಿರಂಗಿಯವನು ಗೆರೆ ದಾಟಿದ ಮೂವತ್ತೆಂಟು ಸೆಕೆಂಡಿಗೆ ಅಳಿಯ ದಾಟಿದ.

ಏಳು ಸೆಕೆಂಡು ಹೆಚ್ಚು. ಹನ್ನೊಂದನೇ ಜಾಗ.

ಆ ಸಂಜೆಯ ಹೋಟೆಲಿನಲ್ಲೂ ಲಾರಿಗೆ ಕಸದ ಡಬ್ಬಿಗಳ ಪಕ್ಕವೇ ಜಾಗ ಸಿಕ್ಕಿತು. ಮ್ಯಾನೇಜರು, “ನಾಳೆ ಮುಗೀಲಿ, ಮಾತಾಡೋಣ,” ಎಂದಷ್ಟೇ ಹೇಳಿ ಒಳಗೆ ಹೋದರು. ಟೀಚರಮ್ಮ ನೋಟ್‌ಬುಕ್ಕು ಹಿಡಿದು ಬಂದಳು. ಕಣ್ಣು ಕೆಂಪಾಗಿತ್ತು.

“ನೀವು ಬರೆದಿದ್ದ ಹಾಗೇ ನಾನು ಇಟ್ಟಿದ್ದೆ ಮಾವ. ಬೇಕಾದ್ರೆ ನೋಡಿ.”

“ಗೊತ್ತಮ್ಮ. ನಿನ್ನದೇನೂ ತಪ್ಪಿಲ್ಲ. ನೀನು ನನ್ನ ನಂಬಿದ್ದೊಂದೇ ತಪ್ಪು.”

ಅವಳು ಪುಸ್ತಕವನ್ನು ಬಕೆಟ್ಟಿನ ಮುಚ್ಚಳದ ಮೇಲಿಟ್ಟು ಹೋದಳು. ಮಾವ ಅಳಿಯನ ಮುರಿದ ಸೈಕಲ್ಲಿಗೆ ಹೊಸ ಗೇರು ಕೂರಿಸತೊಡಗಿದ. ಫೋನು ಮೂರು ಸಲ ಬಡಿದುಕೊಂಡಿತು, ಅಕ್ಕ. ಅವನು ಎತ್ತಲಿಲ್ಲ. ಚಪ್ಪಲಿ ಸದ್ದು ಕೇಳಿದಾಗ ಬೆನ್ನು ಎತ್ತಿದ. ಈ ಸಲ ಮೊದಲು ಬಾಯಿ ಬಿಟ್ಟವನು ಅವನೇ.

“ಐದನೇ ದಿನದಿಂದ ನಾನು ನಿನ್ನ ಸೀಟು ಬದಲಾಯಿಸಿಲ್ಲ ಕಣೋ. ಸುಮ್ನೆ ಬೋಲ್ಟ್ ಸಡಿಲಿಸಿ ಬಿಗೀತಿದ್ದೆ.”

ಅಳಿಯ ನಿಂತಲ್ಲೇ ನಿಂತ. “ಒಂದ್ಸಲಾನೂ?”

“ಒಂದ್ಸಲಾನೂ. ನಿಂದು ಬರೀ ಹುಚ್ಚು ಅಂದ್ಕೊಂಡೆ. ರೋಸಿಹೋಗಿತ್ತು.”

ಬೈಯಲಿ, ಬಕೆಟ್ ಒದೆಯಲಿ ಎಂದು ಮಾವ ಕಾದ. ಅಳಿಯ ಕುಕ್ಕರಗಾಲಲ್ಲಿ ಕೂತು ನೋಟ್‌ಬುಕ್ಕಿನ ಹಾಳೆ ತಿರುವಿದ. ಎರಡು ಮೇಲಕ್ಕೆ, ಒಂದು ಮೇಲಕ್ಕೆ. ಗೆರೆ ಎಳೆದ ದಿನಾಂಕಗಳ ಮೇಲೆ ಬೆರಳಾಡಿಸಿದ.

“ನಂಗೆ ಗೊತ್ತಾಗ್ತಿತ್ತು ಮಾವ.”

“ಏನು?”

“ಬದಲಾಗಿಲ್ಲ ಅಂತ. ಮಾರನೇ ದಿನ ತುಳಿಯೋಕೆ ಶುರು ಮಾಡಿದ ತಕ್ಷಣ ಅನ್ಸೋದು, ನಿನ್ನೆ ಥರಾನೇ ಇದೆಯಲ್ಲಾ ಅಂತ. ಆದ್ರೆ ನನ್ನ ಕಣ್ಣ ಮುಂದೇನೇ ನೀನು ಏರಿಸಿದ್ದೀಯ. ಮಾವ ಏರಿಸಿದ ಮೇಲೆ ಏರಿರುತ್ತೆ. ನನ್ನ ಕಾಲೇ ಕೆಟ್ಟಿದೆ ಅಂದ್ಕೊಂಡೆ. ವಯಸ್ಸಾಯ್ತು, ಇನ್ನು ನನ್ನ ಮೈ ನಂಗೇ ಗೊತ್ತಾಗಲ್ಲ ಅಂದ್ಕೊಂಡೆ. ಇನ್ನೊಂಚೂರು ಏರಿಸಿದ್ರೆ ಸರಿಹೋಗುತ್ತೇನೋ ಅಂತ ಮತ್ತೆ ಬರ್ತಿದ್ದೆ.”

ಮಾವ ಸ್ಪ್ಯಾನರು ಕೆಳಗಿಟ್ಟ. ಇವನು ಮತ್ತೆ ಮತ್ತೆ ಬಂದದ್ದು ಕೇಳಿದ್ದು ಆಗದೇ ಇದ್ದುದಕ್ಕೆ! “ಮತ್ತೆ ಮೊದಲ ನಾಲ್ಕು ದಿನ ಮೇಲೆ ಕೆಳಗೆ ಅಂತ ಕುಣಿಸಿದೆಯಲ್ಲೋ?”

“ಹುಡುಕ್ತಿದ್ದೆ. ಹೊಸ ಶೂ, ಅಟ್ಟೆ ದಪ್ಪ. ಐದನೇ ದಿನ ಸಿಕ್ತು ಅನ್ಸಿತು.”

“ಆರನೇ ದಿನ ಮೂರನೇ ಬಂದೆಯಲ್ಲ?”

“ಬೆನ್ನಿಗೆ ಗಾಳಿ ಇತ್ತು ಮಾವ. ಆವತ್ತು ನೀನು ತುಳಿದಿದ್ರೂ ಬರ್ತಿದ್ದೆ.”

ನಗಬೇಕಾದ ಮಾತು. ಇಬ್ಬರೂ ನಗಲಿಲ್ಲ. ಮಾವ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬದಲಿ ಸೈಕಲ್ಲು ಆರು ಎತ್ತರವಿತ್ತು, ಬೆಟ್ಟದ ಬುಡದಲ್ಲಿ ಇಳಿಸಿದ್ದು ನಾಲ್ಕು. ಉಳಿದದ್ದು ಎರಡು. ಐದನೇ ದಿನ, ಇದೇ ಬಕೆಟ್ಟಿನ ಪಕ್ಕದಲ್ಲಿ, ಇದೇ ಚಪ್ಪಲಿ ಮೆಟ್ಟಿಕೊಂಡು ಬಂದು ಕೇಳಿದ ಎರಡು. ಅರ್ಧ ನಿಮಿಷದ ಕೆಲಸ. ಆವತ್ತು ಮಾಡಿದ್ದರೆ ಒಂಬತ್ತು ದಿನಗಳೂ ಇವನು ಇವತ್ತು ಬೆಟ್ಟ ಹತ್ತಿದ ಹಾಗೆ ತುಳಿದಿರುತ್ತಿದ್ದ.

“ಎರಡೇ ಸಾಕಿತ್ತು,” ಎಂದ ಮಾವ. “ತಪ್ಪಾಯ್ತು ಕಣೋ. ನಾನು ನಿಂಗೆ ಮೋಸ ಮಾಡ್ದೆ.”

ಅಳಿಯ ಪುಸ್ತಕ ಮುಚ್ಚಿ ಎದ್ದು ನಿಂತ. “ನಾಳೆ ನನ್ನ ಸೈಕಲ್ಲಲ್ಲೇ ತುಳೀತೀನಿ. ಎರಡು ಮೇಲಕ್ಕೆ.”

ಮಾವ ಬೋಲ್ಟು ಸಡಿಲಿಸಿದ. ಉಸಿರು ಬಿಗಿಹಿಡಿದು ಎರಡು ಗೀರು ಮೇಲಕ್ಕೆಳೆದ. ನೆಟ್ಟಗಿದೆಯೇ ನೋಡಿದ, ಬಿಗಿದ. ಟಕ್. ಜೀವಮಾನದಲ್ಲಿ ಇಷ್ಟು ಎಚ್ಚರದಿಂದ ಅವನು ಯಾವ ಸೀಟನ್ನೂ ಏರಿಸಿರಲಿಲ್ಲ.

“ಆಯ್ತು. ಎರಡು.”

ಅಳಿಯ ಏರಿ ಕೂರಲಿಲ್ಲ. ಕೈ ಚಾಚಿದ. “ಟೇಪ್ ಕೊಡು ಮಾವ.”

ಮಾವ ಜೇಬಿನಿಂದ ಟೇಪು ತೆಗೆದು ಕೊಟ್ಟ. ಅಳಿಯನಿಗೆ ಅದನ್ನು ಹಿಡಿಯುವುದೂ ಗೊತ್ತಿರಲಿಲ್ಲ. ಪೆಡಲಿನ ಬುಡದ ಬೋಲ್ಟಿಗೆ ತುದಿ ಒತ್ತಿ ಸೀಟಿನವರೆಗೆ ಎಳೆದರೆ ಕೆಳಗಿನ ತುದಿ ಜಾರುತ್ತಿತ್ತು. ಎರಡು ಸಲ ಜಾರಿತು. ಮಾವ ಒದ್ದೆ ನೆಲದ ಮೇಲೆ ಮಂಡಿಯೂರಿ ಕೆಳಗಿನ ತುದಿಯನ್ನು ಬೋಲ್ಟಿನ ನಡುಮಧ್ಯಕ್ಕೆ ಒತ್ತಿ ಹಿಡಿದುಕೊಂಡ. ಅಳಿಯ ಬಗ್ಗಿ, ಕಣ್ಣು ಕಿರಿದು ಮಾಡಿ, ಅಂಕಿ ಓದಿದ: ನೋಟ್‌ಬುಕ್ಕಿನ ಮೊದಲ ಹಾಳೆಯ ಅಳತೆಗಿಂತ ಸರಿಯಾಗಿ ಎರಡು ಹೆಚ್ಚು. ನಂಬಿಕೆ ಬಾರದೆ ಇನ್ನೊಮ್ಮೆ ಓದಿದ.